ಕೂಸು ಎತ್ತಿಕೊಂಡ ಗೌಡ

ಹಿರೇಮುಳ್ಳೂರಿನ ಶ್ರೀ ಗುರುಲಿಂಗ ಅಜ್ಜನವರ ಮಠವೆಂದರೆ ಮಣ್ಣಿನ ಗೋಡೆ, ಹಂಚಿನ ಸೂರು, ಸದಾ ಉರಿಯುವ ಒಲೆ. ಪೂಜೆ ಮುಗಿದ ಮೇಲೆ ಪೂಜ್ಯರು ದಾಸೋಹದ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ತೊಗರಿಬೇಳೆಯ ಕಲ್ಲು ಆರಿಸುತ್ತಿದ್ದರು. ‘ಹೆಂಗಸರ ಕೆಲಸ ತಮಗೇಕೆ?’ ಎಂದು ಕೇಳಿದ ಭಕ್ತರ ಕೈಗೆ ಮರುಮಾತಿಲ್ಲದೆ ಇನ್ನೊಂದು ಮೊರ ಬರುತ್ತಿತ್ತು!

ಅಂದು ಪಕ್ಕದಲ್ಲಿ ದುಂಡವ್ವ ರೊಟ್ಟಿ ಬಡಿಯುತ್ತಿದ್ದಳು, ಕೂಸು ಅವಳ ಬಳಿ ಚಾಪೆಯ ಮೇಲೆ ಆಡುತ್ತಿತ್ತು. ಎಳೆಯ ಮಗನನ್ನು ಕಟ್ಟಿಕೊಂಡು ಗಂಡನ ಮನೆ ಬಿಟ್ಟು ಬಂದವಳು. ಕೂಸಿಗೆ ಜ್ವರ ಬಂದು ನಿದ್ದೆಗೆಟ್ಟಾಗ, ಸ್ವಲ್ಪ ಹೊತ್ತು ಎತ್ತಿಕೊಳ್ಳಿರೆಂದು ಬೇಡಿದ್ದಕ್ಕೆ ಗಂಡ ರಾಯನಗೌಡ ಬೈದು ಮಂಚ ಹತ್ತಿದ್ದನಂತೆ. ಅವಳ ಸಹನೆ ಅಂದೇ ಮುಗಿದಿತ್ತು.

ಆ ರಾಯನಗೌಡ ಈಗ ಮೀಸೆ ತಿರುವುತ್ತ ಬಂದ. ಬೆನ್ನ ಹಿಂದೆ ಕೋರ್ಟಿನ ಜವಾನ. ಆ ಸಂಸ್ಥಾನದ ಕಾಯ್ದೆಯಲ್ಲಿ ಮಗು ತಂದೆಗೇ ಸೇರಿದ್ದು. ಹೆತ್ತವಳನ್ನು ಕೇಳುವ ಪದ್ಧತಿಯೇ ಇರಲಿಲ್ಲ.

“ಅಜ್ಜಾರ, ಹುಡುಗ ನಮ್ಮ ವಂಶದವ. ಕೋರ್ಟೂ ಹಂಗ ಹೇಳೈತಿ. ಒಯ್ಯಾಕ ಬಂದೀನ್ರಿ.”

ದುಂಡವ್ವನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಪೂಜ್ಯರು ಶಾಂತವಾಗಿ, “ಹೌದಪಾ, ಮಗ ನಿನ್ನವನ. ಎತ್ತಿಕೋ” ಎಂದರು.

ಗೌಡ ಜವಾನನ ಮುಖ ನೋಡಿದ. “ನನಗ ಹುಕುಂ ತೋರಸಾಕ ಕಳಿಸ್ಯಾರ್ರೀ, ಕೂಸು ಹೊರಾಕ ಅಲ್ಲ” ಎಂದು ಜವಾನ ಹಿಂದೆ ಸರಿದ.

“ಗೌಡರ ಮನ್ಯಾಗ ಗಂಡಸರು ಕೂಸು ಎತ್ತಂಗಿಲ್ಲರಿ” ಎಂದು ಗೌಡ ತಡವರಿಸಿದ. “ನಮ್ಮಪ್ಪನೂ ನನ್ನ ಎತ್ತಿದಾವ ಅಲ್ಲ.”

ಪೂಜ್ಯರ ಕಣ್ಣಲ್ಲಿ ಮರುಕ ತುಂಬಿತು. “ಕಾಯ್ದೆ ಕೂಸು ನಿಂದು ಅಂತೈತಿ. ರೂಢಿ ಮುಟ್ಟಬ್ಯಾಡ ಅಂತೈತಿ. ಎರಡೂ ಕೂಡಿ ಇದಕ್ಕ ಅಪ್ಪನ್ನ ಇಲ್ಲದಂಗ ಮಾಡ್ಯಾವಲ್ಲೋ ತಮ್ಮಾ!”

ಗೌಡ ತಲೆ ತಗ್ಗಿಸಿದ. ಆಮೇಲೆ ಬಗ್ಗಿ, ತುಂಬಿದ ತುಪ್ಪದ ಗಡಿಗೆ ಎತ್ತುವವನಂತೆ ಹೆದರುತ್ತ ಮಗನನ್ನು ಎತ್ತಿಕೊಂಡ. ಕೂಸು ಆ ಹುರಿಮೀಸೆಯನ್ನೇ ಹಿಡಿದು ಜಗ್ಗಿತು. ಸಾಲದ್ದಕ್ಕೆ ಇಸ್ತ್ರಿಯ ಧೋತರವನ್ನೂ ತೋಯಿಸಿತು. ಇಡೀ ಪಡಸಾಲೆ ನಕ್ಕಿತು, ಗೌಡನೂ ನಕ್ಕ. ಸ್ವಲ್ಪ ಹೊತ್ತಿಗೆ ಮಗು ಹೆಗಲ ಮೇಲೆ ನಿದ್ದೆ ಹೋದಾಗ ಅವನ ಕಣ್ಣು ತುಂಬಿ ಬಂತು.

“ಇವನ್ನ ನನಗ್ಯಾಕ ಕೊಟ್ಟಿಲ್ಲ ಇಷ್ಟು ದಿನಾ?”

“ಕೊಟ್ಟಿದ್ದೆರಿ. ನೀವ ತಗೊಳ್ಳಲಿಲ್ಲ” ಎಂದಳು ದುಂಡವ್ವ.

ಗೌಡ ಜವಾನನನ್ನು ಕಳಿಸಿಬಿಟ್ಟ. ಕೂಸು ಎದ್ದೀತೆಂದು ನಿಂತಲ್ಲೇ ಪೂಜ್ಯರಿಗೆ ತಲೆಬಾಗಿ, ಹೆಂಡತಿಗೆ “ನಡಿ, ಮನಿಗೆ ಹೋಗೂಣು” ಎಂದ.

“ಬರತಾಳೋ ಇಲ್ಲೋ, ಮೊದಲ ಆಕಿನ್ನ ಕೇಳು” ಎಂದರು ಪೂಜ್ಯರು.

ಗೌಡ ಕೇಳಿದ. ದುಂಡವ್ವ ಯೋಚಿಸಿ ಹೇಳಿದಳು: “ಅಗಸಿ ಕಟ್ಟಿ ಮುಂದ ಹಾದು ಮನಿ ತನಕಾ ನೀವ ಎತ್ತಿಕೊಂಡು ನಡದ್ರ ಬರತೀನಿ.”

ಅಗಸಿ ಕಟ್ಟೆಯೆಂದರೆ ಊರ ಹಿರಿಯರೆಲ್ಲ ಕೂಡುವ ಜಾಗ. ಗೌಡನ ಮುಖ ಒಂದು ಕ್ಷಣ ಬಿಳಿಚಿತು. ಆದರೂ ನಡೆದ. ಜೊತೆಗೆ ದುಂಡವ್ವ, ಬರಿಗೈಯಲ್ಲಿ, ಹಗುರ ಹೆಜ್ಜೆಯಲ್ಲಿ. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಗೌಡನ ದೊಡ್ಡ ಕಾಕಾ ಹಂಗಿಸುವ ದನಿಯಲ್ಲಿ ಕೂಗಿದ: “ಏನೋ ರಾಯಾ, ಕೈ ನೋಯೂದಿಲ್ಲೇನ?”

“ನೋಯತಾವು ಕಾಕಾ” ಎಂದ ಗೌಡ, ಮಗನನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ. “ಇಷ್ಟು ದಿನಾ ಇಕಿ ಕೈ ನೊಂದಾವು. ಇವತ್ತ ನನ್ನವು ನೋಯಲಿ.”