ತಾಮ್ರದ ಕೊಡದ ನೀರು

ಕಡಲ ತಡಿಯಲ್ಲೊಂದು ಪುಟ್ಟ ಆಶ್ರಮ. ಅದರ ಜಗಲಿಯಲ್ಲಿ ಒಂದು ಗಾಜಿನ ತೊಟ್ಟಿ. ತೊಟ್ಟಿಯ ತುಂಬ ಸಮುದ್ರದ ನೀರು, ನೀರಿನಲ್ಲಿ ಒಂದು ಮಣ್ಣಿನ ಮಡಕೆ, ಮಡಕೆಯೊಳಗೆ ಗುರುಗಳು ಸಾಕಿಕೊಂಡ ಆಕ್ಟೋಪಸ್.

ಹತ್ತು ದಿನದ ಮಟ್ಟಿಗೆ ಪರವೂರಿಗೆ ಹೊರಟ ಗುರುಗಳು ಶಿಷ್ಯ ಅಚ್ಯುತನನ್ನು ಕರೆದರು.

"ದಿನಾ ಸ್ವಲ್ಪ ಹಳೇ ನೀರು ತೆಗೆದು ಹೊಸತು ಹಾಕು. ಒಂದು ಏಡಿ ಕೊಡು. ಮುಚ್ಚಳದ ಮೇಲೆ ಕಲ್ಲಿಡ್ಲಿಕ್ಕೆ ಮರೀಬೇಡ, ಇಲ್ಲದಿದ್ರೆ ಎತ್ತಿಕೊಂಡು ಹೊರಗೆ ಬರ್ತದೆ."

"ನನ್ನ ಪ್ರಾಣದ ಹಾಗೆ ನೋಡಿಕೊಳ್ತೇನೆ ಗುರುಗಳೇ," ಎಂದ ಅಚ್ಯುತ.

ಅವನು ಅರ್ಚಕರ ಮನೆಯಲ್ಲಿ ಹುಟ್ಟಿದವನು. ಮಡಿಯಲ್ಲಿ ಅವನನ್ನು ಮೀರಿಸುವವರು ಆಶ್ರಮದಲ್ಲಿ ಯಾರೂ ಇರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಗುರುಗಳು ನೀರು ತರುತ್ತಿದ್ದುದು ಮೀನುಗಾರರು ಬಿಟ್ಟುಹೋದ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಅಚ್ಯುತನಿಗೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ದೇವರ ಮನೆಯ ತಾಮ್ರದ ಕೊಡವನ್ನು ತಿಕ್ಕಿ ತೊಳೆದ. ಸಂಜೆ ಅದರಲ್ಲಿ ಸಮುದ್ರದ ನೀರು ತುಂಬಿಸಿಟ್ಟು, ಬೆಳಿಗ್ಗೆ ಮಿಂದು, ಮಂತ್ರ ಹೇಳಿ ತೊಟ್ಟಿಗೆ ಸುರಿದ.

ಮೂರನೆಯ ದಿನ ಆಕ್ಟೋಪಸ್ ಏಡಿಯನ್ನು ಮುಟ್ಟಲಿಲ್ಲ. ಅಚ್ಯುತ ಎರಡು ಕೊಡ ಸುರಿದ.

ಐದನೆಯ ದಿನ ಅದರ ಕಂದು ಮೈ ಬಿಳಿಚಿಕೊಂಡಿತು. ಅವನು ನಾಲ್ಕು ಕೊಡ ಸುರಿದ.

ಹತ್ತು ದಿನ ಕಳೆದು ಬೆಳಿಗ್ಗೆ ಗುರುಗಳು ಮರಳಿದಾಗ ಅದು ಮಡಕೆಯ ಹೊರಗೆ ತೋಳು ಚೆಲ್ಲಿಕೊಂಡು ಬಿದ್ದಿತ್ತು. ಉಸಿರೊಂದು ಆಡುತ್ತಿತ್ತು.

"ನಾನು ಎಂತ ತಪ್ಪು ಮಾಡಿದೆ ಗುರುಗಳೇ? ದೇವರ ಅಭಿಷೇಕದ ನೀರಿಗಿಂತ ಹೆಚ್ಚು ಮಡಿಯಲ್ಲಿ ತಂದು ಹಾಕಿದ್ದೇನೆ."

"ಯಾವುದರಲ್ಲಿ ತಂದದ್ದು?"

"ತಾಮ್ರದ ಕೊಡದಲ್ಲಿ."

ಗುರುಗಳು ತೊಟ್ಟಿಯ ಪಕ್ಕ ಕೂತರು.

"ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಡ್ತೀಯಾ?"

"ಇಲ್ಲ. ಕಿಲುಬು ಬಿಡ್ತದೆ."

"ಉಪ್ಪುನೀರು?"

ಅಚ್ಯುತ ಎದ್ದು ಹೋಗಿ ಕೊಡದೊಳಗೆ ಇಣುಕಿದ. ತಳದಲ್ಲಿ ಹಸಿರು ಕಟ್ಟಿತ್ತು.

"ನಮಗೆ ಗೊತ್ತೇ ಆಗದಷ್ಟು ತಾಮ್ರ ಸಾಕು, ಇದರ ಜೀವ ಹೋಗ್ಲಿಕ್ಕೆ," ಎಂದರು ಗುರುಗಳು. ಹಿತ್ತಲಿಗೆ ಹೋಗಿ ಆ ಪ್ಲಾಸ್ಟಿಕ್ ಬಕೆಟ್ಟನ್ನು ತಂದು ಅವನ ಮುಂದಿಟ್ಟರು.

"ಅದು ಮೀನಿನ ಬಕೆಟ್, ಗುರುಗಳೇ."

"ಈ ಜೀವವೂ ಸಮುದ್ರದ್ದೇ, ಮಾರಾಯ. ನಡಿ."

ಬೆಳಗಿನಿಂದ ಸಂಜೆಯ ತನಕ ಇಬ್ಬರೂ ನೀರು ಹೊತ್ತರು. ತೊಟ್ಟಿಯ ಹಳೇ ನೀರೆಲ್ಲ ಸ್ವಲ್ಪಸ್ವಲ್ಪವಾಗಿ ಹೊರಗೆ ಹೋಯಿತು. ಹೊತ್ತು ಮುಳುಗುವಾಗ ಆಕ್ಟೋಪಸ್ಸಿನ ಒಂದು ತೋಳಿನಲ್ಲಿ ಸ್ವಲ್ಪ ಕಂದು ಬಣ್ಣ ಕಂಡಿತು.

"ಬದುಕ್ತದಾ?"

"ಗೊತ್ತಿಲ್ಲ."

ಅಚ್ಯುತನಿಗೆ ಅಳು ತಡೆಯಲಾಗಲಿಲ್ಲ. ನನ್ನ ಕೈಯಾರೆ ದಿನವೂ ವಿಷ ಹಾಕಿದೆನಲ್ಲ ಎಂದುಕೊಂಡ.

"ಪ್ರಾಯಶ್ಚಿತ್ತಕ್ಕೆ ಮೂರು ದಿನ ಉಪವಾಸ ಮಾಡ್ತೇನೆ ಗುರುಗಳೇ."

"ಒಂದು ವಾರದಿಂದ ಉಪವಾಸ ಇರುವುದು ಅದು. ಮೊದಲು ಅದಕ್ಕೆ ಏಡಿ ಕೊಡು."

ಅಚ್ಯುತ ಎಂದಿನಂತೆ ಇಕ್ಕಳ ಎತ್ತಿಕೊಂಡ. ಹುಟ್ಟಿದಾಗಿನಿಂದ ಏಡಿಯನ್ನು ಮುಟ್ಟಿದವನಲ್ಲ ಅವನು. ಗುರುಗಳು ಇಕ್ಕಳವನ್ನು ಅವನ ಕೈಯಿಂದ ತೆಗೆದುಕೊಂಡರು.

ಅಚ್ಯುತ ಏಡಿಗಳ ಬುಟ್ಟಿಯೊಳಗೆ ಕೈ ಹಾಕಿದ. ಏಡಿಯನ್ನು ಬರಿಗೈಯಲ್ಲಿ ಹಿಡಿದು ನೀರಿನೊಳಗೆ ಚಾಚಿದ.

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ತೋಳು ಮೆಲ್ಲಗೆ ಎದ್ದಿತು. ಏಡಿಯನ್ನು ದಾಟಿ ಬಂದು ಅವನ ಮಣಿಕಟ್ಟನ್ನು ಸುತ್ತಿಕೊಂಡಿತು. ತೋಳಿನ ಅಡಿಯ ಪುಟ್ಟ ಬಟ್ಟಲುಗಳು ಒಂದೊಂದಾಗಿ ಚರ್ಮಕ್ಕೆ ಅಂಟಿದವು.

"ಗುರುಗಳೇ, ಏಡಿ ಬಿಟ್ಟು ನನ್ನನ್ನೇ ಹಿಡಿದಿದೆ. ಎಂತ ಮಾಡ್ಲಿ?"

"ಅಲುಗಬೇಡ. ಅದು ತೋಳಿನಲ್ಲೇ ರುಚಿ ನೋಡುವ ಜೀವ. ನೀನು ಎಂಥವನು ಅಂತ ಈಗಷ್ಟೇ ನೋಡ್ತಾ ಉಂಟು."