ಶಂಖ ಒರಗಿದ ದವಡೆ

ಕಾಳಾಚಾರ್ಯರು ಯಾರು ಬಂದರೂ ಏಳುವವರಲ್ಲ. ಒಮ್ಮೆ ಮಂತ್ರಿಗಳು ಬಂದಾಗಲೂ ನೋಯುವ ಮಂಡಿ ತೋರಿಸಿ, ಕೂತಲ್ಲಿಂದಲೇ ಕೈಮುಗಿದಿದ್ದರು.

ನದಿ ದಂಡೆಯ ಅವರ ಕಾರ್ಯಾಗಾರದಲ್ಲಿ ಬದಲಿ ಮೂಳೆಗಳು ತಯಾರಾಗುತ್ತಿದ್ದವು. ಆಸ್ಪತ್ರೆಯ ಸ್ಕ್ಯಾನ್ ನೋಡಿ ಕಂಪ್ಯೂಟರಿನಲ್ಲಿ ಮೂಳೆಯ ಆಕಾರ ತೆಗೆಯಬೇಕು. ಆಮೇಲೆ ಯಂತ್ರವು ಟೈಟಾನಿಯಂ ಪುಡಿಯನ್ನು ಪದರ ಪದರವಾಗಿ ಬೆಸೆದು ಅದನ್ನು ಮಾಡಿಕೊಡುತ್ತದೆ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕಾದ್ದರಿಂದ ಊರವರು ಅದನ್ನು ಆಶ್ರಮ ಅಂತಲೇ ಕರೆಯುತ್ತಿದ್ದರು.

ಅಲ್ಲಿ ಮೂರು ವರ್ಷ ಕಲಿತ ಮೇದಿನಿಗೆ ಗುರುಗಳು ಮೊದಲ ಸಲ ಒಂದು ಇಡೀ ಕೆಲಸ ಒಪ್ಪಿಸಿದರು.

ಗಿರಿದಾಸಯ್ಯ ಮನೆಮನೆಯ ಮುಂದೆ ಶಂಖ ಊದುವವನು. ಬಲದವಡೆಯಲ್ಲಿ ಗಡ್ಡೆ ಬೆಳೆದು ಮೂಳೆಯ ಆಕಾರವೇ ಕೆಟ್ಟುಹೋಗಿತ್ತು. ಸೋಮವಾರ ಡಾಕ್ಟರು ಅದನ್ನು ತೆಗೆದು ಹೊಸದನ್ನು ಕೂರಿಸಬೇಕು.

"ಮುಖ ಹೆಂಗಾದ್ರೂ ಇರ್ಲಿ ತಾಯಿ," ಅಂದ ದಾಸಯ್ಯ. "ಶಂಖ ಊದೋ ಹಂಗಿದ್ರೆ ಸಾಕು. ಊದಕ್ಕಾಗ್ಲಿಲ್ಲ ಅಂದ್ರೆ ನಾನು ಯಾವ ಸೀಮೆ ದಾಸಯ್ಯ?"

ಮೇದಿನಿ ಕಲಿತ ಹಾದಿಯಲ್ಲೇ ನಡೆದಳು. ಚೆನ್ನಾಗಿದ್ದ ಎಡದವಡೆಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬಲದವಡೆ ಮಾಡಿದಳು. ಪ್ಲಾಸ್ಟಿಕ್ಕಿನಲ್ಲಿ ಮಾದರಿ ತೆಗೆದು ಗುರುಗಳ ಮುಂದಿಟ್ಟಳು.

"ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಗುರುಗಳೇ."

ಆಚಾರ್ಯರು ಜಗಲಿ ಮೇಲೆ ಕೂತಿದ್ದ ದಾಸಯ್ಯನಿಂದ ಶಂಖ ಇಸಿದುಕೊಂಡರು. ಅವನು ಊದುವ ಹಾಗೆಯೇ ಅದನ್ನು ಮಾದರಿಯ ಬಲಬಾಯಿಗೆ ಹಿಡಿದರು.

"ಶಂಖಕ್ಕೂ ದವಡೆಗೂ ನಡುವೆ ಬೆರಳು ತೂರಿಸು."

ಎರಡು ಬೆರಳು ತೂರಿದವು.

"ಒಂದು ಕೆನ್ನೆಯ ಮಾಂಸಕ್ಕೆ. ಇನ್ನೊಂದು?"

ಮೇದಿನಿ ಬೆರಳು ಹಿಂದಕ್ಕೆಳೆದುಕೊಂಡಳು.

"ಅವನ ಎಡದವಡೆ ಎಷ್ಟು ವರ್ಷ ಶಂಖ ಊದಿದೆಯಮ್ಮ?"

ಅವಳ ಮುಖ ಕೆಂಪಾಯಿತು. "ಬಲಗಡೆ ಮೂಳೆ ಹಾಳಾಗಿಹೋಗಿದೆಯಲ್ಲ ಗುರುಗಳೇ! ಮೊದಲು ಹೇಗಿತ್ತು ಅಂತ ಯಾರನ್ನ ಕೇಳಲಿ?"

ಆಚಾರ್ಯರು ಶಂಖವನ್ನು ಅವಳ ಮಡಿಲಿಗೆ ಹಾಕಿ ಕಾಫಿ ಲೋಟ ಎತ್ತಿಕೊಂಡರು.

ಸಿಟ್ಟು ಬಂತು ಅವಳಿಗೆ. ಶನಿವಾರ ಬೇರೆ, ಸೋಮವಾರಕ್ಕೆ ಎರಡೇ ದಿನ! ಮಧ್ಯಾಹ್ನದವರೆಗೂ ಶಂಖವನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕೂತಳು. ಒಂದು ಕಡೆ ಹೆಬ್ಬೆರಳು ತಗ್ಗಿಗೆ ಜಾರಿತು. ಅಲ್ಲಿ ಬೆಣ್ಣೆಯಂಥ ನುಣುಪು.

"ದಾಸಯ್ಯಾ, ಇದೇನಿದು?"

"ಅದಾ? ಮೂವತ್ತು ವರ್ಷದಿಂದ ದವಡೆಗೆ ಒತ್ತಿ ಊದಿ ಊದಿ ಸವೆದಿರೋದು ಕಣವ್ವ."

ಮೇದಿನಿ ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಗೆ ಓಡಿದಳು. ಶಂಖವನ್ನು ಸ್ಕ್ಯಾನ್ ಯಂತ್ರದ ಮೇಲೆ ಮಲಗಿಸಿದಾಗ ಅಲ್ಲಿದ್ದವನು ನಕ್ಕುಬಿಟ್ಟ.

"ಇದಕ್ಕೇನು ಕಾಯಿಲೆ ಮೇಡಂ?"

"ಕಾಯಿಲೆ ಇಲ್ಲಪ್ಪ. ಇದು ಸಾಕ್ಷಿ."

ಆ ತಗ್ಗಿಗೆ ಸರಿಯಾಗಿ, ಕೆನ್ನೆಯ ಮಾಂಸದ ದಪ್ಪ ಕಳೆದು, ಅವಳು ದವಡೆಯನ್ನು ಹೊಸದಾಗಿ ತಿದ್ದಿದಳು. ಎಡಕ್ಕೂ ಬಲಕ್ಕೂ ಹೊಂದಿಕೆಯೇ ಇಲ್ಲದ ಸೊಟ್ಟ ದವಡೆ. ಹೊಸ ಮಾದರಿಗೆ ಶಂಖ ಹಿಡಿದಾಗ ಈ ಸಲ ಒಂದೇ ಬೆರಳು ತೂರಿತು.

ಆಚಾರ್ಯರು "ಹೂಂ" ಅಂದರು, ಅಷ್ಟೇ. ಯಂತ್ರ ಅದನ್ನು ಟೈಟಾನಿಯಂನಲ್ಲಿ ಬೆಸೆದುಕೊಟ್ಟಿತು; ಸೋಮವಾರ ಡಾಕ್ಟರು ಕೂರಿಸಿದರು.

ಐದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ನದಿಯ ಮೆಟ್ಟಿಲ ಕಡೆಯಿಂದ ಶಂಖದ ದನಿ ಕೇಳಿಸಿತು. ಮೊದಲು ಒಡೆಯಿತು. ನಿಂತಿತು. ಮೇದಿನಿ ಕೈಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡಿದಳು. ಮತ್ತೆ ಎದ್ದ ದನಿ ಆಚೆ ದಡಕ್ಕೂ ಮುಟ್ಟುವಷ್ಟು ದೊಡ್ಡದಾಗಿ, ಎಲ್ಲೂ ಕಡಿಯದೆ ಬಂತು.

"ನಮ್ಮ ದವಡೆ ಗುರುಗಳೇ, ನಮ್ಮ ದವಡೆ!" ಎನ್ನುತ್ತಾ ಅವಳು ಕಣ್ಣೊರೆಸಿಕೊಂಡು ತಿರುಗಿದಳು.

ಕಾಳಾಚಾರ್ಯರು ಗೋಡೆ ಹಿಡಿದುಕೊಂಡು ಎದ್ದು, ಅವಳ ಕಡೆಗೇ ಮುಖ ಮಾಡಿ ನಿಂತಿದ್ದರು.

"ಅಯ್ಯೋ, ಮಂಡಿ ನೋವು, ಕೂತ್ಕೊಳಿ! ಶಂಖಕ್ಕೆ ಕೂತೇ ಕೈಮುಗಿದರೆ ಆಗಲ್ವಾ?"

"ಅವನ ಶಂಖಕ್ಕೆ ಮೂವತ್ತು ವರ್ಷದಿಂದ ಕೂತೇ ಕೈಮುಗೀತಿದ್ದೀನಿ ಕಣಮ್ಮ."