ಗಾಣ ಬಿಟ್ಟ ಎತ್ತು

ಗಾಣ ಮುಚ್ಚಿದ ಮೇಲೆ ಕೆಂಚನೆಂಬ ಎತ್ತಿಗೆ ಗಾಡಿ ಎಳೆಯುವ ಕೆಲಸ ಸಿಕ್ಕಿತು. ಅವನ ಜೊತೆಗೆ ಹೂಡಿದ್ದು ಗಾಡಿಯಲ್ಲೇ ಮುದಿಯಾದ ಬೂದನನ್ನು. ಊರು ದಾಟುತ್ತಿದ್ದಂತೆ ಕೆಂಚ ಮತ್ತೆ ಮತ್ತೆ ಹಿಂತಿರುಗಿ ನೋಡತೊಡಗಿದ. ಗಾಣದಲ್ಲಿ ಎಷ್ಟು ನಡೆದರೂ ಮೇವಿನ ಗೊಂತು ಪಕ್ಕದಲ್ಲೇ ಇರುತ್ತಿತ್ತು. ಇಲ್ಲಿ ಹೆಜ್ಜೆ ಹೆಜ್ಜೆಗೂ ಅದು ಹಿಂದೆ ಉಳಿಯುತ್ತಿತ್ತು. ತಡೆಯಲಾರದೆ ಅವನು ಗರಕ್ಕನೆ ಎಡಕ್ಕೆ ತಿರುಗಿದ. ಗಾಡಿ ಚರಂಡಿಗೆ ಇಳಿಯುವುದರಲ್ಲಿತ್ತು.

"ಎಲ್ಲಿಗಯ್ಯಾ ಸವಾರಿ?" ಎಂದ ಬೂದ.

"ಗೊಂತಿಗೆ. ಈ ಬಟಾಬಯಲಲ್ಲಿ ನಮಗೆ ಮೇವು ಹಾಕುವವರು ಯಾರಿದ್ದಾರೆ?"

ಗಾಡಿಯ ಮೇಲೆ ಕೂತಿದ್ದ ಯಜಮಾನ ಚಾಟಿ ಬೀಸಿ, "ಇನ್ನೊಂದು ಸಲ ತಿರುಗಿದರೆ ಕಟುಕನಿಗೆ ಮಾರಿಬಿಡುತ್ತೇನೆ" ಎಂದು ಗದರಿದ.

"ಕೇಳಿಸಿತೇ?" ಎಂದ ಬೂದ. "ಅಲ್ಲಯ್ಯಾ, ಗಾಣದಲ್ಲಿ ಜೀವಮಾನವೆಲ್ಲ ನಡೆದು ನೀನು ಮುಟ್ಟಿದ್ದಾದರೂ ಎಲ್ಲಿಗೆ?"

"ದಿನಾ ಸಂಜೆ ಹುಲ್ಲಿಗೆ ಮುಟ್ಟುತ್ತಿದ್ದೆ."

ಹಾಗೆಂದರೂ ಕಟುಕನ ಹೆಸರಿಗೆ ಹೆದರಿ ಕೆಂಚ ಹೆಣದ ಮುಂದೆ ನಡೆಯುವವನ ಮುಖ ಮಾಡಿಕೊಂಡು ನೆಟ್ಟಗೆ ನಡೆದ.

ಮಧ್ಯಾಹ್ನ ಹುಣಸೆಮರದ ನೆರಳಲ್ಲಿ ಯಜಮಾನ ನೊಗ ಬಿಚ್ಚಿ, ಗಾಡಿಯ ತಳಕ್ಕೆ ಕಟ್ಟಿದ್ದ ಹುಲ್ಲಿನ ಹೊರೆಯನ್ನು ಎಳೆದು ಎರಡೂ ಎತ್ತುಗಳ ಮುಂದೆ ಹಾಕಿದ.

"ಇದೆಲ್ಲಿಂದ ಬಂತು?" ಎಂದು ಕೆಂಚ ಬೆರಗಾದ.

"ಬೆಳಗಿನಿಂದ ನೀನೇ ಎಳೆದುಕೊಂಡು ಬಂದೆ."

ಕೆಂಚ ಗಬಗಬನೆ ನಾಲ್ಕು ತುತ್ತು ತಿಂದವನು ಥಟ್ಟನೆ ತಲೆಯೆತ್ತಿದ. "ಹಾಗಾದರೆ ವಾಪಸು ಹೋಗುವಾಗ ಗಾಡಿಯಲ್ಲಿ ಹುಲ್ಲೇ ಇರುವುದಿಲ್ಲವಲ್ಲ!"

"ನೀನು ಆ ಚಿಂತೆಯನ್ನೇ ಮೆಲುಕು ಹಾಕುತ್ತಿರು" ಎಂದ ಬೂದ, ಕೆಂಚನ ಪಾಲಿಗೂ ಬಾಯಿ ಹಾಕಿದ.